ಕಡಲ ಚೀಟಿ: ಉಳ್ಳಾಲದಿಂದ ಕೆಂಪು ಸಮುದ್ರದವರೆಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಎಂಬ ಕಾರಣಕ್ಕೆ, ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ಮೊದಲು ಕೇಳಿದ್ದರು. ಅದನ್ನು ಹೇಳುವವರು ಈಗ ಮೊಬೈಲಿನಲ್ಲೇ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಕಡಲಿನ ಬಗ್ಗೆ, ಕಡಲಿಗಾಗಿ ದೊಡ್ಡ ದೇಶಗಳು ಮಾಡುವ ಜಗಳದ ಬಗ್ಗೆ ಹೇಳುತ್ತೇನೆ ಅಂದೆ. ಕಾರ್ಯದರ್ಶಿಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯ, ನಮಗೂ ಕಡಲಿಗೂ ಎಂತ ಸಂಬಂಧ? ಇಲ್ಲಿ ಇರುವುದು ಅಡಿಕೆ ತೋಟ, ರಬ್ಬರು, ಗುಡ್ಡ" ಎಂದರು. ಅವರ ಪ್ರಶ್ನೆ ಸರಿಯಾದದ್ದೇ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮ ಶಾಲೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯಿಂದ ಮಕ್ಕಳು ಬರುತ್ತಾರೆ. ಮೂರರಲ್ಲಿ ಒಂದು ತಾಲೂಕಿಗೂ ಕಡಲ ತೀರವಿಲ್ಲ. ಆದರೆ ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ನೋಡಿ. ಬೆಳ್ತಂಗಡಿ ಘಟ್ಟದ ನೀರು ನೇತ್ರಾವತಿಗೆ ಬಿದ್ದು, ಬಂಟ್ವಾಳ, ಪಾಣೆಮಂಗಳೂರು ದಾಟಿ ಉಳ್ಳಾಲದ ಹತ್ತಿರ ಕಡಲು ಸೇರುತ್ತದೆ. ವೇಣೂರಿನ ಫಲ್ಗುಣಿ ಮುಂದೆ ಗುರುಪುರ ಹೊಳೆ ಎನಿಸಿಕೊಂಡು ಅದೇ ಅಳಿವೆಗೆ ಬರುತ್ತದೆ. ರಸ್ತೆ, ಸೇತುವೆ ಆಗುವ ಮೊದಲು ಘಟ್ಟದ ಮೇಲಿನ ಸರಕು ಎತ್ತಿನ ಮೇಲೆ, ಗಾಡಿಯಲ್ಲಿ ಬಂಟ್ವಾಳಕ್ಕೆ ಇಳಿದು, ಅಲ್ಲಿಂದ ದೋಣಿಯಲ್ಲಿ ಮಂಗಳೂರು ಬಂದರಿಗೆ ಹೋಗುತ್ತಿತ್ತು. ಬಂಟ್ವಾಳದ ಹಳೆ ಪೇಟೆ ಹೊಳೆಗೆ ತಾಗಿಕೊಂಡು ಬೆಳೆದದ್ದು ಸುಮ್ಮನೆ ಅಲ್ಲ. ಇನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದವರು ಭೈರಾದೇವಿ ಮಂಟಪದ ಅಡಿಗಟ್ಟನ್ನು ಬಗ್ಗಿ ನೋಡಬೇಕು. ಅಲ್ಲಿ ಒಂದು ಜಿರಾಫೆ ಇದೆ, ಒಂದು ಚೀನೀ ಡ್ರ್ಯಾಗನ್ ಇದೆ. ಆ ಕಲ್ಲು ಕೆತ್ತುವ ಕಾಲಕ್ಕೆ ಆಫ್ರಿಕಾದ ಪ್ರಾಣಿಯ ಸುದ್ದಿಯೂ ಚೀನಾದ ಚಿತ್ರವೂ ಮೂಡುಬಿದಿರೆಗೆ ಬಂದಾಗಿತ್ತು. ಅವು ಕಡಲ ದಾರಿಯಿಂದಲ್ಲದೆ ಬೇರೆ ಹೇಗೆ ಬಂದಾವು?

ಈಗ ನನ್ನ ಕೆಲಸದ ವಿಷಯ. ಬೆಂಗಳೂರಿನಲ್ಲಿ ನಮ್ಮ ತಂಡ ಮಾಡುವುದು ಸರಕು ಸಾಗಣೆಯ ತಂತ್ರಾಂಶ. ಒಬ್ಬರು ಗೋಡಂಬಿ ಕಳಿಸುತ್ತಾರೆ, ಇನ್ನೊಬ್ಬರು ಕಾಫಿ ಕಳಿಸುತ್ತಾರೆ, ಅವರ ಕಂಟೇನರ್ ಇವತ್ತು ಯಾವ ಹಡಗಿನಲ್ಲಿ ಎಲ್ಲಿದೆ ಎಂದು ನಕ್ಷೆಯ ಮೇಲೆ ಒಂದು ಚುಕ್ಕಿಯಾಗಿ ತೋರಿಸಬೇಕು. ದೊಡ್ಡ ಹಡಗುಗಳಲ್ಲೆಲ್ಲ ಎ.ಐ.ಎಸ್. ಎಂಬ ಒಂದು ಯಂತ್ರ ಇರುತ್ತದೆ. ಅದು ಹಡಗಿನ ಹೆಸರು, ಜಾಗ, ವೇಗವನ್ನು ರೇಡಿಯೊ ಮೂಲಕ ಕಳಿಸುತ್ತಲೇ ಇರುತ್ತದೆ. ಅದರಲ್ಲಿ, ಹೋಗಬೇಕಾದ ಬಂದರಿನ ಹೆಸರು ಬರೆಯಲು 20 ಅಕ್ಷರದಷ್ಟು ಜಾಗವಿದೆ. ಕೊಚ್ಚಿ, ದುಬೈ, ರಾಟರ್‌ಡ್ಯಾಮ್, ಹೀಗೆ ಏನಾದರೂ ಇರಬೇಕು.

2024ರ ಜನವರಿಯಲ್ಲಿ ಕೆಂಪು ಸಮುದ್ರದ ಹಡಗುಗಳು ಆ ಜಾಗದಲ್ಲಿ ಬೇರೇನೋ ಬರೆಯತೊಡಗಿದವು. ಒಂದು ಹಡಗಿನದು "ಸಿಬ್ಬಂದಿ ಎಲ್ಲರೂ ಚೀನೀಯರು" ಎಂದಿತ್ತು. ಇನ್ನೊಂದರದು "ಇಸ್ರೇಲಿನೊಂದಿಗೆ ಸಂಬಂಧ ಇಲ್ಲ". ಬಂದರಿನ ಹೆಸರು ಓದಲು ಬರೆದ ನಮ್ಮ ಪ್ರೋಗ್ರಾಮು ಇದನ್ನು ನೋಡಿ ಕಕ್ಕಾಬಿಕ್ಕಿಯಾಯಿತು, ಅದು ಸಹಜ. ಆಗ ಯೆಮನ್‌ನ ಹೂತಿಗಳು ಗಾಜಾ ಯುದ್ಧದ ಹೆಸರಿನಲ್ಲಿ ಆ ದಾರಿಯ ಹಡಗುಗಳ ಮೇಲೆ ಕ್ಷಿಪಣಿ, ಡ್ರೋನ್ ಹಾರಿಸುತ್ತಿದ್ದರು. ಕ್ಯಾಪ್ಟನ್‌ಗಳು ಆ 20 ಅಕ್ಷರದಲ್ಲಿ ಕೇಳುತ್ತಿದ್ದದ್ದು ಇಷ್ಟೆ: ನಾವು ನಿಮ್ಮ ವೈರಿಗಳಲ್ಲ, ದಾಟಲು ಬಿಡಿ. ನಮ್ಮ ಆಫೀಸಿನ ಹುಡುಗರಿಗೆ ಇದು ಹೊಸ ವಿಚಿತ್ರವಾಗಿ ಕಂಡಿತು. ನನಗೆ ನೆನಪಾದದ್ದು ಎಂಟನೇ ತರಗತಿಯ ಸಮಾಜ ಪಾಠದ ಪೋರ್ಚುಗೀಸರು. ಹಡಗು ಚೀಟಿ ತೋರಿಸಿ ದಾಟುವುದು ನಮ್ಮ ತೀರದಲ್ಲೇ 500 ವರ್ಷದ ಹಿಂದೆ ಶುರುವಾದ ವ್ಯವಹಾರ.

ಆ ಚೀಟಿಗೆ ಪೋರ್ಚುಗೀಸರು ಇಟ್ಟ ಹೆಸರು ಕರ್ತಾಜ್. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಅದಕ್ಕಿಂತ ಮೊದಲು ಅರಬ್ಬಿ ಸಮುದ್ರದಲ್ಲಿ ಅರಬರು, ಗುಜರಾತಿಗಳು, ಮಾಪಿಳ್ಳೆಗಳು, ನಮ್ಮ ಕರಾವಳಿಯವರು ಓಡಾಡುತ್ತಿದ್ದರು. ಬಂದರಿನಲ್ಲಿ ಸುಂಕ ಇತ್ತು, ಕಡಲಲ್ಲಿ ಕಳ್ಳರೂ ಇದ್ದರು. ಆದರೆ ಕಡಲೇ ನನ್ನದು, ಅದರ ಮೇಲೆ ಹೋಗಲು ನನ್ನ ಅಪ್ಪಣೆ ಬೇಕು ಎಂದು ಹೇಳಿದವರಿರಲಿಲ್ಲ. ಪೋರ್ಚುಗೀಸರು ಹಾಗೆ ಹೇಳಿದರು. ಹಡಗಿನ ಹೆಸರು, ನಾಯಕನ ಹೆಸರು, ಗಾತ್ರ, ಆಯುಧ, ಹೊರಟ ಬಂದರು, ಸೇರುವ ಬಂದರು ಎಲ್ಲ ಆ ಕಾಗದದಲ್ಲಿ ಬರೆದಿರಬೇಕು. ಕಾಳುಮೆಣಸು ಅವರು ಬಿಟ್ಟರೆ ಬೇರೆಯವರು ಸಾಗಿಸಬಾರದು. ಅವರ ವೈರಿಗಳನ್ನು ಹತ್ತಿಸಿಕೊಳ್ಳಬಾರದು. ಚೀಟಿಯ ಬೆಲೆ ದೊಡ್ಡದಲ್ಲ. ಆದರೆ ಚೀಟಿ ಹಿಡಿದವನು ಅವರ ಕೋಟೆ ಇದ್ದ ಬಂದರಿಗೆ ಹೋಗಿ ಸುಂಕ ಕಟ್ಟಲೇಬೇಕು, ಲಾಭ ಇದ್ದದ್ದು ಅಲ್ಲಿ. ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕು ವಶ, ಕೆಲವೊಮ್ಮೆ ಹಡಗೇ ಮುಳುಗಡೆ.

ಈ ಚೀಟಿಯನ್ನು ಒಪ್ಪದವರು ನಮ್ಮವರು. ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ವಂಶದವಳು. ಆ ಚೌಟರ ಅರಮನೆ ಇವತ್ತೂ ಮೂಡುಬಿದಿರೆಯಲ್ಲಿದೆ, ಅದರ ಮರದ ಕೆತ್ತನೆಯಲ್ಲಿ ಒಂಬತ್ತು ಹೆಣ್ಣುಗಳು ಸೇರಿ ಆನೆಯಾದ ನವನಾರಿ ಕುಂಜರವನ್ನು ನೀವು ನೋಡಿರಬಹುದು. ಅಂದರೆ ಬೇರು ಮೂಡುಬಿದಿರೆ, ಕಡಲ ಬಾಗಿಲು ಉಳ್ಳಾಲ. ಹೊಳೆಯ ಈಚೆ ಮಂಗಳೂರಿನ ಕಡೆ ಬಂಗರಸರು. ಅವರ ಬೇರು ಬೆಳ್ತಂಗಡಿಯ ಬಂಗಾಡಿ, ಬಂಟ್ವಾಳದ ನಂದಾವರದಲ್ಲೂ ಅವರ ನೆಲೆ ಇತ್ತು. ಹಾಗಾಗಿ ನೇತ್ರಾವತಿಯ ಅಳಿವೆಯಲ್ಲಿ ಎದುರುಬದುರಾಗಿ ನಿಂತ ಎರಡೂ ಮನೆತನಗಳು ನಮ್ಮ ಈ ಮೂರು ತಾಲೂಕಿನವೇ.

ಅಬ್ಬಕ್ಕನ ನಾಟಕ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಎಷ್ಟು ಸಲ ಆಗಿದೆಯೋ. ನಾನೂ ಒಮ್ಮೆ ಬಿದಿರಿನ ಕೋವಿ ಹಿಡಿದ ಪರಂಗಿ ಸಿಪಾಯಿಯಾಗಿ ಎರಡನೇ ದೃಶ್ಯದಲ್ಲೇ ಸತ್ತಿದ್ದೇನೆ. ನಾಟಕದಲ್ಲಿ ಅಬ್ಬಕ್ಕ ಖಡ್ಗ ಎತ್ತುತ್ತಾಳೆ, ಅಗ್ನಿಬಾಣ ಬಿಡುತ್ತಾಳೆ, ಚಪ್ಪಾಳೆ ಬೀಳುತ್ತದೆ. ಜಗಳ ಯಾಕೆ ಬಂತು ಎಂಬುದು ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ: ಕಪ್ಪ ಕೇಳಿದರು, ಕೊಡಲಿಲ್ಲ. ಕಪ್ಪ ಅಂದರೆ ಏನು? ಚಿನ್ನದ ಪೆಟ್ಟಿಗೆ ಎಂದು ನಾವು ರಟ್ಟಿನಲ್ಲಿ ಮಾಡಿ ತಂದಿದ್ದೆವು. ನಿಜಕ್ಕೂ ಅವರು ಕೇಳುತ್ತಿದ್ದದ್ದರಲ್ಲಿ ಮುಖ್ಯವಾದದ್ದು ಅಕ್ಕಿ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಗೋವಾದಲ್ಲಿ ಪೋರ್ಚುಗೀಸರಿಗೆ ಕೋಟೆ ಇತ್ತು, ಹಡಗಿತ್ತು, ಸೈನಿಕರಿದ್ದರು, ಎಲ್ಲರಿಗೂ ಸಾಲುವಷ್ಟು ಗದ್ದೆ ಇರಲಿಲ್ಲ. ಮಸ್ಕತ್, ಮಲಕ್ಕಾದಂಥ ದೂರದ ಅವರ ಕೋಟೆಗಳಿಗೂ ಊಟ ಬೇಕು. ಆ ಅಕ್ಕಿ ಹೋಗುತ್ತಿದ್ದದ್ದು ಬಸರೂರು, ಮಂಗಳೂರಿನಂಥ ಕೆನರಾ ಬಂದರುಗಳಿಂದ. ಬಂದರಿಗೆ ಅಕ್ಕಿ ಬರುತ್ತಿದ್ದದ್ದು ಹೊಳೆಯ ಮೇಲಿನ ಊರುಗಳಿಂದ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಯನ್ನು ಇಲ್ಲಿ ಕೂತಿರುವ ಹಿರಿಯರು ಕಟ್ಟಿದ್ದೀರಿ, ಹೊತ್ತಿದ್ದೀರಿ. ಪೋರ್ಚುಗೀಸರ ದಾಖಲೆಯಲ್ಲಿ ಅಕ್ಕಿಯ ಲೆಕ್ಕ 'ಫಾರ್ದು' ಎಂಬ ಕಟ್ಟಿನಲ್ಲಿ ಇರುತ್ತದೆ. ಸೋತ ಅರಸ ವರ್ಷಕ್ಕೆ ಇಷ್ಟು ಫಾರ್ದು ಅಕ್ಕಿ ಕೊಡಬೇಕು ಎಂದು ಒಪ್ಪಂದ. ಅರಸನೇನು ಗದ್ದೆಗೆ ಇಳಿಯುತ್ತಾನೆಯೇ? ಆ ಅಕ್ಕಿ ಗೇಣಿಯಾಗಿ ನಮ್ಮ ಹಿರಿಯರ ಅಂಗಳದಿಂದಲೇ ಎದ್ದದ್ದು. ಕಡಲು ಕಾಣದ ಊರಿನವನೂ ಕಡಲಿನ ಜಗಳಕ್ಕೆ ತನ್ನ ಪಾಲು ತೆರುತ್ತಾನೆ ಎಂಬುದಕ್ಕೆ ಇದಕ್ಕಿಂತ ಹಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಕಾರ್ಯದರ್ಶಿಗಳ ಪ್ರಶ್ನೆಗೆ ಇದು ನನ್ನ ಮೊದಲ ಉತ್ತರ.

1568ರಲ್ಲಿ ಗೋವಾದ ವೈಸರಾಯ್ ಸ್ವತಃ ನೌಕಾಪಡೆ ತಂದು ಮಂಗಳೂರಿನಲ್ಲಿ ಕೋಟೆ ಕಟ್ಟಿಸಿದ. ಅಬ್ಬಕ್ಕ ಎಂಬ ಹೆಸರಿನಲ್ಲಿ ನಾವು ಹೇಳುವ ಕತೆ ಒಬ್ಬಳದ್ದಲ್ಲ. ಅಳಿಯಸಂತಾನದ ಆ ಮನೆತನದಲ್ಲಿ ಒಂದಕ್ಕಿಂತ ಹೆಚ್ಚು ರಾಣಿಯರು ಆಳಿದ್ದಾರೆ, ಜಗಳವೂ ಎರಡು ಮೂರು ತಲೆಮಾರು ನಡೆದಿದೆ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಂಡು ಬರೆದಿದ್ದಾನೆ. ಸಿಂಹಾಸನ, ಕಿರೀಟ ಯಾವುದೂ ಅಲ್ಲಿರಲಿಲ್ಲ. ಬರಿಗಾಲಿನಲ್ಲಿ ನಡೆದುಕೊಂಡು, ಅಗೆಸುತ್ತಿದ್ದ ಕಾಲುವೆಯ ಕೆಲಸ ನೋಡಲು ಹೋಗುತ್ತಿದ್ದಳಂತೆ. ನನಗೆ ಖಡ್ಗ ಹಿಡಿದ ಅಬ್ಬಕ್ಕನಿಗಿಂತ ಈ ಅಬ್ಬಕ್ಕ ಹೆಚ್ಚು ಇಷ್ಟ. ಅಕ್ಕಿ ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅದೇ ಪ್ರವಾಸಿ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ರಾಣಿಗೂ ಅವಳ ಗಂಡ ಬಂಗರಸನಿಗೂ ಜಗಳವಾಯಿತು. ಬಂಗರಸ ಪೋರ್ಚುಗೀಸರ ನೆರವು ಹಿಡಿದ. ರಾಣಿ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಹಿಡಿದಳು. ಹೊಳೆಯ ಈ ದಡಕ್ಕೊಂದು ದೊಡ್ಡ ಶಕ್ತಿ, ಆ ದಡಕ್ಕೊಂದು. ಮನೆಯ ಜಗಳ ರಾಜತಾಂತ್ರಿಕ ವಿಷಯವಾಗಿ, ಗೋವಾದಿಂದ ಇಕ್ಕೇರಿಗೆ ರಾಯಭಾರಿ ಹೋದ. ದೆಲ್ಲಾ ವಾಲೆ ಬಂದದ್ದೇ ಆ ರಾಯಭಾರಿಯ ಜೊತೆ. ಅಲ್ಲಿ ನಡೆದ ಮಾತುಕತೆಯಲ್ಲಿ ಗಂಡ ಹೆಂಡಿರ ನ್ಯಾಯಕ್ಕಿಂತ ಬಂಗರ ಕೋಟೆ ಮತ್ತು ಕಾಳುಮೆಣಸಿನ ಬಾಕಿಯೇ ದೊಡ್ಡದಾಗಿತ್ತು. ಮುಂದೆ ಶಿವಪ್ಪ ನಾಯಕ 1652ರಿಂದ 1654ರೊಳಗೆ ಪೋರ್ಚುಗೀಸರನ್ನು ಈ ಕರಾವಳಿಯ ಕೋಟೆಗಳಿಂದ ಓಡಿಸಿದ. ಆಗ ಚೌಟರೂ ಬಂಗರೂ ಉಳಿದದ್ದು ಕೆಳದಿಯ ಕೈಕೆಳಗಿನ ಪಾಳೆಯಗಾರರಾಗಿ. ದೊಡ್ಡವರ ಹೆಗಲ ಮೇಲೆ ಕೈ ಹಾಕಿದ ಸಣ್ಣವರ ಕತೆ ಹೀಗೆಯೇ ಆಗಬೇಕೆಂದಿಲ್ಲ, ಆದರೆ ಇಲ್ಲಿ ಹಾಗಾಯಿತು.

ಪೋರ್ಚುಗೀಸರ ನಂತರ ಬಂದ ಡಚ್ಚರ ತಮಾಷೆ ಕೇಳಿ. 1603ರಲ್ಲಿ ಅವರು ಸಿಂಗಾಪುರದ ಹತ್ತಿರ ಒಂದು ದೊಡ್ಡ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದನ್ನು ಸಮರ್ಥಿಸುವ ಬರವಣಿಗೆಗೆ ಹ್ಯೂಗೋ ಗ್ರೋಶಿಯಸ್ ಎಂಬ ಯುವ ವಕೀಲ ಕೂತ. ಅದರಿಂದ ಹೊರಟ ಅವನ ಪುಸ್ತಕ 1609ರಲ್ಲಿ ಬಂತು, ಕಡಲು ಎಲ್ಲರದು, ಯಾರೂ ಅದಕ್ಕೆ ಬೇಲಿ ಹಾಕುವಂತಿಲ್ಲ ಎಂಬುದು ಅದರ ವಾದ. ಇವತ್ತಿನ ಸಮುದ್ರ ಕಾನೂನಿನ ಪಾಠ ಅವನಿಂದಲೇ ಶುರುವಾಗುತ್ತದೆ. ಆ ವಾದ ಹೂಡಿದವರ ಕಂಪನಿಯೇ ಕೆಲವು ದಶಕದಲ್ಲಿ ತನ್ನದೇ ಚೀಟಿ ಹರಿದು ಕೊಡತೊಡಗಿತು. ಇಂಗ್ಲಿಷರೂ ಕೊಟ್ಟರು. ಮರಾಠರ ಕನ್ಹೋಜಿ ಆಂಗ್ರೆ ಕೂಡ ಕೊಂಕಣದಲ್ಲಿ ತನ್ನ ದಸ್ತಕ್ ಇಲ್ಲದ ಹಡಗನ್ನು ಬಿಡುತ್ತಿರಲಿಲ್ಲ. ಬಲ ಕಡಿಮೆ ಇದ್ದಾಗ ಕಡಲು ಎಲ್ಲರದು, ಬಲ ಬಂದಾಗ ನನ್ನದು. ಇದರಲ್ಲಿ ಬಿಳಿಯರು, ನಮ್ಮವರು ಎಂಬ ಭೇದವಿಲ್ಲ.

ಈಗಿನ ಕಾಲಕ್ಕೆ ಬರುತ್ತೇನೆ. ಅದಕ್ಕೆ ದಾರಿ ಲಕ್ಷದ್ವೀಪ. ಆ ದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಇವು ನಮ್ಮ ಜಿಲ್ಲೆಗೆ ಸೇರಿದ್ದವು ಎಂದರೆ ಎಷ್ಟು ಜನ ನಂಬುತ್ತೀರಿ? ಟಿಪ್ಪುವಿನ ಕೈಯಲ್ಲಿದ್ದ ಅವು 1799ರ ನಂತರ ಕಂಪನಿಗೆ ಬಂದು, ಮಂಗಳೂರಿನ ಕಲೆಕ್ಟರ ಆಡಳಿತಕ್ಕೆ ಸೇರಿದವು. ಅಮಿನಿದಿವಿ ದ್ವೀಪಗಳು ಎಂದು ದಕ್ಷಿಣ ಕನ್ನಡದ ಹಳೆ ಪುಸ್ತಕಗಳಲ್ಲಿ ಅವಕ್ಕೆ ಬೇರೆ ಅಧ್ಯಾಯವೇ ಇರುತ್ತಿತ್ತು. 1956ರ ನವೆಂಬರ್ 1ರಂದು, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ದಿನವೇ, ಅವು ಕೇಂದ್ರಾಡಳಿತಕ್ಕೆ ಹೋದವು. ಅಲ್ಲಿಯ ವ್ಯವಹಾರವೂ ಅಕ್ಕಿಯದ್ದೇ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೇ ಕೊಡಬೇಕು, ಸರಕಾರ ತಾನು ಗೊತ್ತುಮಾಡಿದ ದರದಲ್ಲಿ ಅದಕ್ಕೆ ಬದಲು ಅಕ್ಕಿ ಕೊಡುತ್ತದೆ. ಬೇರೆ ಯಾರಿಗೂ ಮಾರುವಂತಿಲ್ಲ. ಪೋರ್ಚುಗೀಸರು ನಮ್ಮ ಮೇಲೆ ಹೂಡಿದ್ದನ್ನು ಕಂಪನಿ ನಮ್ಮ ಬಂದರಿನಿಂದ ಅವರ ಮೇಲೆ ಹೂಡಿತು. ಮಂಗಳೂರಿನ ಹಳೆ ಬಂದರಿನಲ್ಲಿ ದ್ವೀಪಕ್ಕೆ ಹೋಗುವ ಮಂಜಿಗಳಿಗೆ ಮೂಟೆ ತುಂಬುವುದನ್ನು ಹತ್ತಿರದಿಂದ ಕಂಡವರು ಈ ಸಭೆಯಲ್ಲೂ ಇರಬಹುದು.

ಲಕ್ಷದ್ವೀಪದ ಎಲ್ಲ ದ್ವೀಪ ಸೇರಿಸಿದರೆ ನೆಲ 32 ಚದರ ಕಿಲೋಮೀಟರ್. ಘಟ್ಟದ ಬದಿಯ ಒಂದೆರಡು ದೊಡ್ಡ ಗ್ರಾಮ ಸೇರಿಸಿದರೆ ಅಷ್ಟಾಗಬಹುದು. ಆದರೆ ಆ 32 ಚದರ ಕಿಲೋಮೀಟರ್ ನೆಲದಿಂದಾಗಿ ಭಾರತಕ್ಕೆ ಸಿಗುವ ಕಡಲು ಸುಮಾರು 4 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಎರಡರಷ್ಟು! ಅದು ಹೇಗೆಂದರೆ, 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲು ಆ ದೇಶದ ಸ್ವಂತ ಕಡಲು. ಅದು ಸುಮಾರು 22 ಕಿಲೋಮೀಟರ್, ಮಂಗಳೂರಿನಿಂದ ಹೆಚ್ಚುಕಡಿಮೆ ಬಿ.ಸಿ. ರೋಡಿನಷ್ಟು ದೂರ. 200 ನಾಟಿಕಲ್ ಮೈಲಿನವರೆಗೆ, ಅಂದರೆ ಸುಮಾರು 370 ಕಿಲೋಮೀಟರ್, ಮಂಗಳೂರಿನಿಂದ ಬೆಂಗಳೂರಿಗಾಗುವಷ್ಟು ದೂರ, ಮೀನು, ಎಣ್ಣೆ, ಅನಿಲದ ಮೇಲೆ ಆ ದೇಶಕ್ಕೆ ಹಕ್ಕು. ಇದಕ್ಕೆ ಪ್ರತ್ಯೇಕ ಆರ್ಥಿಕ ವಲಯ ಎನ್ನುತ್ತಾರೆ. ಮಂಗಳೂರಿನ ಎಸ್‌ಇಝಡ್‌ಗೂ ಇದಕ್ಕೂ ಸಂಬಂಧವಿಲ್ಲ. ಜನ ವಾಸ ಮಾಡುವ ಸಣ್ಣ ದ್ವೀಪಕ್ಕೂ ಈ 200 ಮೈಲಿನ ಲೆಕ್ಕ ಸಿಗುತ್ತದೆ. ಬರೀ ಬಂಡೆಗೆ 12 ಮಾತ್ರ. ಹಾಗಾಗಿಯೇ ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ಹವಳದ ದಿಬ್ಬಗಳ ಮೇಲೆ ಮರಳು ಸುರಿದು ವಿಮಾನದ ರನ್‌ವೇ ಮಾಡಿದ್ದು. ಹಳೆಯ ನಕ್ಷೆಯಲ್ಲಿ ಒಂಬತ್ತು ಗೆರೆ ಎಳೆದು, ಇದು ಹಿಂದಿನಿಂದಲೂ ನಮ್ಮದು ಎನ್ನುತ್ತದೆ ಚೀನಾ. ಫಿಲಿಪ್ಪೀನ್ಸ್ ತಂದ ದಾವೆಯಲ್ಲಿ 2016ರ ಜುಲೈ 12ರಂದು ಹೇಗ್‌ನ ಮಧ್ಯಸ್ಥಿಕೆ ಮಂಡಳಿ ಆ ಹಕ್ಕಿಗೆ ಕಾನೂನಿನ ಆಧಾರ ಇಲ್ಲ ಎಂದಿತು. ಚೀನಾ ತೀರ್ಪನ್ನೇ ಒಪ್ಪಲಿಲ್ಲ. ಹಳೆಯ ಗುರುತಿನ ಮೇಲೆ ಕಡಲು ಸಿಗುವುದಾದರೆ ನಮ್ಮ ಮೂಡುಬಿದಿರೆಯವರು ಜಿರಾಫೆಯನ್ನು ಸಾಕ್ಷಿ ನಿಲ್ಲಿಸಿ ಆಫ್ರಿಕಾದ ತೀರವನ್ನೇ ಕೇಳಬಹುದಿತ್ತು.

ಚೀನಾವನ್ನು ಬೈಯುವುದು ಸುಲಭ. ನಮ್ಮ ಹಿತ್ತಲಿನ ವಿಷಯ ಸ್ವಲ್ಪ ಕಷ್ಟದ್ದು. 2021ರ ಏಪ್ರಿಲ್ 7ರಂದು ಅಮೆರಿಕದ ಯುದ್ಧನೌಕೆ ಜಾನ್ ಪಾಲ್ ಜೋನ್ಸ್ ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲು ದೂರದಲ್ಲಿ ಹೋಯಿತು. ಹೋಗಿ ಸುಮ್ಮನಿರಲಿಲ್ಲ, ಭಾರತದ ಪೂರ್ವಾನುಮತಿ ಕೇಳದೆ ಹೋಗಿದ್ದೇವೆ ಎಂದು ಅಮೆರಿಕದ ಏಳನೇ ನೌಕಾಪಡೆ ಸ್ವತಃ ಪ್ರಕಟಣೆ ಕೊಟ್ಟಿತು. ಪರ್ಷಿಯನ್ ಕೊಲ್ಲಿಯಿಂದ ಮಲಕ್ಕಾದ ಕಡೆ ಹೋದ ಆ ಹಡಗನ್ನು ನಾವು ಗಮನಿಸುತ್ತಲೇ ಇದ್ದೆವು, ನಮ್ಮ ಆತಂಕವನ್ನು ಅಮೆರಿಕಕ್ಕೆ ತಿಳಿಸಿದ್ದೇವೆ ಎಂದು ನಮ್ಮ ವಿದೇಶಾಂಗ ಇಲಾಖೆ ಹೇಳಿತು. ಭಾರತ 1995ರಲ್ಲಿ ಒಪ್ಪಂದಕ್ಕೆ ಅಂಗೀಕಾರ ಕೊಡುವಾಗಲೇ ಒಂದು ಮಾತು ಸೇರಿಸಿತ್ತು: ನಮ್ಮ 200 ಮೈಲಿನೊಳಗೆ ಬೇರೆ ದೇಶದ ಸೇನಾ ಕಸರತ್ತು ನಮ್ಮ ಒಪ್ಪಿಗೆ ಇಲ್ಲದೆ ನಡೆಯಬಾರದು. ಒಪ್ಪಂದದಲ್ಲಿ ಅಂಥ ಷರತ್ತಿಗೆ ಜಾಗ ಇಲ್ಲ ಎನ್ನುತ್ತದೆ ಅಮೆರಿಕ. ಆ ಅಮೆರಿಕ ಇವತ್ತಿಗೂ ಅದೇ ಒಪ್ಪಂದಕ್ಕೆ ಸೇರಿಲ್ಲ ಎಂಬುದು ಇದರೊಳಗಿನ ಇನ್ನೊಂದು ತಮಾಷೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆ ಹುಳುಕಿದೆ. ದಕ್ಷಿಣ ಚೀನಾ ಸಮುದ್ರದಲ್ಲಿ ಎಲ್ಲರಿಗೂ ದಾರಿ ಮುಕ್ತವಾಗಿರಲಿ ಎನ್ನುವ ನಾವು ಲಕ್ಷದ್ವೀಪದ ಹತ್ತಿರ ಅಪ್ಪಣೆ ಕೇಳಿ ಎನ್ನುತ್ತೇವೆ. ಈ ಒಂದು ವಿಷಯದಲ್ಲಿ ನಮ್ಮ ವಾದ ಚೀನಾದ ವಾದಕ್ಕೆ ಹತ್ತಿರ ಬರುತ್ತದೆ. ಅದನ್ನು ಹೇಳಿದರೆ ದೇಶಕ್ಕೆ ಅವಮಾನವೇನೂ ಇಲ್ಲ. ಚೀಟಿಯಿಂದ ಪೆಟ್ಟು ತಿಂದ ತೀರದವರು ಬಾಗಿಲಲ್ಲಿ ಹೋಗುವ ಯುದ್ಧನೌಕೆಯನ್ನು ಕಂಡು ಯಾರಪ್ಪಣೆ ಎಂದು ಕೇಳುವುದು ನನಗೆ ಅರ್ಥವಾಗುತ್ತದೆ. ಗೋವಾಕ್ಕೂ ಮಂಗಳೂರಿಗೂ ಪರದೇಶದವರು ಬಂದದ್ದು ವ್ಯಾಪಾರದ ಹೆಸರಿನಲ್ಲೇ ಅಲ್ಲವೇ? ಆದರೆ ಅರ್ಥವಾಗುವುದು ಬೇರೆ, ಕಾನೂನಿನಲ್ಲಿ ಗೆಲ್ಲುವುದು ಬೇರೆ. ಮಕ್ಕಳಲ್ಲಿ ಯಾರಾದರೂ ಮುಂದೆ ವಕೀಲರಾಗುವುದಾದರೆ ಸಮುದ್ರ ಕಾನೂನು ಓದಿ. ನಮ್ಮ ಜಿಲ್ಲೆಯಲ್ಲಿ ಜಾಗದ ಗಡಿ ತಕರಾರಿಗೆ ವಕೀಲರು ಸಾಕಷ್ಟಿದ್ದಾರೆ, ಕಡಲಿನ ಗಡಿಗೆ ಬೇಕಾಗಿದ್ದಾರೆ.

ಇನ್ನು ನಮ್ಮ ಪಣಂಬೂರು. 2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೋ ಎಂಬ ಟ್ಯಾಂಕರ್ ಹಡಗು ಸೌದಿಯಿಂದ ಕಚ್ಚಾತೈಲ ಹೊತ್ತು ಬರುತ್ತಿತ್ತು. ಪೋರಬಂದರಿನಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ ಅದಕ್ಕೆ ಡ್ರೋನ್ ಬಡಿದು ಬೆಂಕಿ ಹತ್ತಿತು. ಹಡಗಿನಲ್ಲಿ ಇದ್ದವರು 20 ಭಾರತೀಯರು ಮತ್ತು ಒಬ್ಬ ವಿಯೆಟ್ನಾಮಿನವ. ಪುಣ್ಯಕ್ಕೆ ಯಾರಿಗೂ ಪ್ರಾಣಾಪಾಯ ಆಗಲಿಲ್ಲ, ನಮ್ಮ ಕರಾವಳಿ ರಕ್ಷಣಾ ಪಡೆಯ ವಿಕ್ರಮ್ ಹಡಗು ಅದನ್ನು ಮುಂಬೈಗೆ ಕರೆತಂದಿತು. ಡ್ರೋನ್ ಇರಾನಿನಿಂದ ಬಂತು ಎಂದಿತು ಅಮೆರಿಕ. ಇರಾನ್ ಅಲ್ಲಗಳೆಯಿತು. ಆ ಹಡಗು ಬರಬೇಕಾಗಿದ್ದದ್ದು ಮಂಗಳೂರಿಗೆ. ಬೆಂಗಳೂರಿನಲ್ಲಿ ಕೂತು ನಾನು ಅದನ್ನು ಓದಿದಾಗ ಉಳಿದವರಿಗೆ ಅದು ದೂರದ ಸುದ್ದಿ, ನನಗೆ ಊರ ಸುದ್ದಿ.

ಪಣಂಬೂರಿನ ಬಂದರಿಗೂ ಚೀಟಿಯ ಪೆಟ್ಟು ಹೊಸದಲ್ಲ. ಎಂ.ಆರ್.ಪಿ.ಎಲ್. ಒಂದು ಕಾಲಕ್ಕೆ ಇರಾನಿನಿಂದ ಬಹಳ ತೈಲ ತರಿಸುತ್ತಿತ್ತು. 2013ರಲ್ಲಿ ಕೆಲವು ತಿಂಗಳು ಅದನ್ನು ನಿಲ್ಲಿಸಬೇಕಾಯಿತು. ಯಾವ ಯುದ್ಧನೌಕೆಯೂ ತಡೆಯಲಿಲ್ಲ. ಪಾಶ್ಚಾತ್ಯ ದೇಶಗಳ ನಿರ್ಬಂಧದ ಕಾರಣ ಇರಾನ್ ತೈಲ ಸಂಸ್ಕರಿಸುವ ಕಾರ್ಖಾನೆಗೆ ವಿಮೆ ಸಿಗದ ಪರಿಸ್ಥಿತಿ ಬಂತು, ಅಷ್ಟೇ. 2019ರ ಮೇ ತಿಂಗಳಲ್ಲಿ ಅಮೆರಿಕ ತಾನು ಕೊಟ್ಟಿದ್ದ ವಿನಾಯಿತಿ ಮುಗಿಸಿದ ಮೇಲೆ ಭಾರತ ಇರಾನ್ ತೈಲವನ್ನು ಬಿಡಬೇಕಾಯಿತು. ಕರ್ತಾಜ್‌ಗೆ ಈಗ ವಿಮಾ ಪಾಲಿಸಿ ಎಂಬ ಹೆಸರು ಬಂದಿದೆ ಎಂದು ನಾನು ಹೇಳುವುದು ಇದಕ್ಕೇ. ಕೋಟೆ ಕಟ್ಟುವ ಖರ್ಚೂ ಇಲ್ಲ.

ಇದರ ನಡುವೆ ಮನುಷ್ಯರಿದ್ದಾರೆ. ನನ್ನ ಬೆಂಚಿನಲ್ಲೇ ಕೂತಿದ್ದ ಗೆಳೆಯನೊಬ್ಬ ಮರ್ಚೆಂಟ್ ನೇವಿಯಲ್ಲಿದ್ದಾನೆ. ಹೆಸರು ಹೇಳಬೇಡ ಎಂದಿದ್ದಾನೆ, ಹೇಳುವುದಿಲ್ಲ. 2024ರ ಆರಂಭದಲ್ಲಿ ಅವನ ಹಡಗು ಕೆಂಪು ಸಮುದ್ರ ದಾಟಬೇಕಿತ್ತು. ಜನವರಿ 26ರಂದು, ಇಲ್ಲಿ ನೀವು ಧ್ವಜ ಹಾರಿಸಿದ ದಿನ, ಅಲ್ಲೇ ಹತ್ತಿರ ಮಾರ್ಲಿನ್ ಲುವಾಂಡಾ ಎಂಬ ಹಡಗಿಗೆ ಕ್ಷಿಪಣಿ ಬಡಿದಿತ್ತು. ಅದರಲ್ಲಿ 22 ಭಾರತೀಯರಿದ್ದರು, ನಮ್ಮ ನೌಕಾಪಡೆಯ ವಿಶಾಖಪಟ್ಟಣಂ ಹಡಗಿನವರು ಹೋಗಿ ಬೆಂಕಿ ಆರಿಸಲು ನೆರವಾದರು. ಗೆಳೆಯನ ತಾಯಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನನಗೆ ಫೋನ್ ಮಾಡುತ್ತಿದ್ದರು. "ಮಗಾ, ಅವನ ಹಡಗು ಎಲ್ಲಿಗೆ ಮುಟ್ಟಿತು?" ನಾನು ಚುಕ್ಕಿ ನೋಡಿ ಹೇಳುತ್ತಿದ್ದೆ. ಆಮೇಲೆ ಒಂದು ದಿನ ಚುಕ್ಕಿ ಮಾಯವಾಯಿತು. ಗುರುತು ಸಿಗದಿರಲಿ ಎಂದು ಆ ಜಾಗದಲ್ಲಿ ಹಡಗುಗಳು ಎ.ಐ.ಎಸ್. ಆರಿಸಿಬಿಡುತ್ತಿದ್ದವು. ಅದನ್ನು ಅಮ್ಮನಿಗೆ ತಿಳಿಸಿ ಹೇಳಿದೆ. ಅವರು, "ಹಾಗಾದರೆ ಕಾಣದೆ ಇರುವುದೇ ಒಳ್ಳೆಯದು ಅಂತ ಆಯಿತು" ಎಂದು ಹೇಳಿ ಫೋನ್ ಇಟ್ಟರು. ಮೂರನೆಯ ದಿನ ಚುಕ್ಕಿ ಏಡನ್ ಕೊಲ್ಲಿಯ ಈಚೆ ಕಾಣಿಸಿತು. ಆಗ ನಾನೇ ಅವರಿಗೆ ಫೋನ್ ಮಾಡಿದೆ, ಅವರು ಕರೆ ಮಾಡುವವರೆಗೆ ಕಾಯಲಿಲ್ಲ.

ಅವನ ಮುಂದಿನ ಪ್ರಯಾಣದಲ್ಲಿ ಕಂಪನಿ ಸೂಯೆಜ್ ಬಿಟ್ಟು ಆಫ್ರಿಕಾವನ್ನು ಸುತ್ತಿಕೊಂಡು, ಗುಡ್ ಹೋಪ್ ಭೂಶಿರದ ದಾರಿಯಲ್ಲಿ ಕಳಿಸಿತು. ಹತ್ತು ಹದಿನೈದು ದಿನ ಹೆಚ್ಚು, ಎಣ್ಣೆ ಹೆಚ್ಚು, ಬಾಡಿಗೆ ಹೆಚ್ಚು. ವಾಸ್ಕೋ ಡ ಗಾಮ ಬಂದ ದಾರಿ ಅದು. ಆ ವರ್ಷ ಇಲ್ಲಿಂದ ಗೋಡಂಬಿ ಕಳಿಸುವವರು ಕಂಟೇನರ್ ಬಾಡಿಗೆ ಯಾಕೆ ಏರಿತು ಎಂದು ನಮ್ಮನ್ನು ಕೇಳುತ್ತಿದ್ದರು. ಗೇರುಮರ ನಮಗೆ ತಂದುಕೊಟ್ಟವರೂ ಪೋರ್ಚುಗೀಸರೇ, ಅದು ಬೇರೆ ಮಾತು.

ಸಮಯ ಮೀರಿತು ಎಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಒಂದು ಕೆಲಸದ ಮಾತು ಹೇಳಿ ಇಳಿಯುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಿಸುತ್ತಿರುವ ವಾಚನಾಲಯದ ಒಂದು ಗೋಡೆಯನ್ನು ಮುಖ್ಯ ಶಿಕ್ಷಕರು ನಮ್ಮ ಬ್ಯಾಚಿಗೆ ಬಿಟ್ಟುಕೊಟ್ಟಿದ್ದಾರೆ. ಅದರಲ್ಲಿ ಅರಬ್ಬಿ ಸಮುದ್ರದ ದೊಡ್ಡ ನಕ್ಷೆ ಬರೆಸುತ್ತೇವೆ. ಒಂದು ಬದಿಗೆ ಏಡನ್, ಮಸ್ಕತ್, ಹಾರ್ಮುಜ್, ಇನ್ನೊಂದು ಬದಿಗೆ ಅಮಿನಿ, ಉಳ್ಳಾಲ, ಅಲ್ಲಿಂದ ಹೊಳೆ ಹಿಡಿದು ಬಂಟ್ವಾಳ, ವೇಣೂರು, ನಮ್ಮ ಶಾಲೆ. ಅದರ ಕೆಳಗೆ ಒಂದು ಪುಸ್ತಕ ಇಡುತ್ತೇವೆ. ಈ ಸುತ್ತಿನ ಗ್ರಾಮಗಳಿಂದ ನೀರಿನ ಮೇಲೆ ದುಡಿದವರ ಹೆಸರು ಅದರಲ್ಲಿ ಬರೆಯಬೇಕು. ಪಾಣೆಮಂಗಳೂರಿನ ದೋಣಿಯಲ್ಲಿ ಹುಟ್ಟು ಹಾಕಿದವರು, ಮಂಜಿಯಲ್ಲಿ ದ್ವೀಪಕ್ಕೆ ಹೋದವರು, ಮುಂಬೈಯಿಂದ ಹಡಗು ಹತ್ತಿ ಗಲ್ಫಿಗೆ ಹೋದವರು, ಧಕ್ಕೆಯ ಬೋಟಿನಲ್ಲಿ ದುಡಿಯುವವರು, ಈಗ ಹಡಗಿನಲ್ಲಿ ಇರುವವರು, ಎಲ್ಲರೂ. ಹೆಸರು, ಊರು, ಯಾವ ವರ್ಷ, ಯಾವ ದಾರಿ, ಇಷ್ಟು ಸಾಕು. ಮನೆಯಲ್ಲಿ ಹಳೆ ಸಿ.ಡಿ.ಸಿ. ಪುಸ್ತಕ, ಕಾಗದ, ಫೋಟೋ ಇದ್ದರೆ ತನ್ನಿ, ಪ್ರತಿ ತೆಗೆದು ಅಲ್ಲೇ ವಾಪಸು ಕೊಡುತ್ತೇವೆ. ತೀರಿಹೋದವರ ಹೆಸರನ್ನು ಮಕ್ಕಳು, ಮೊಮ್ಮಕ್ಕಳು ಬಂದು ಬರೆಸಿ. ಸಮಾಜ ಶಿಕ್ಷಕರು ಈ ಜವಾಬ್ದಾರಿ ವಹಿಸಿಕೊಂಡಿದ್ದಾರೆ. ಶನಿವಾರ ಮಧ್ಯಾಹ್ನದ ಮೇಲೆ ಒಂಬತ್ತನೇ ತರಗತಿಯ ಮಕ್ಕಳು ಕಚೇರಿಯ ಪಕ್ಕದ ಕೋಣೆಯಲ್ಲಿ ಕೂತು ಬರೆದುಕೊಳ್ಳುತ್ತಾರೆ.

ಪುಸ್ತಕವನ್ನು ಇವತ್ತು ಬೆಳಿಗ್ಗೆಯೇ ತೆರೆದಿದ್ದೇವೆ. ಮೊದಲ ಸಾಲನ್ನು ಒಬ್ಬರು ತಾಯಿ ಬರೆಸಿಹೋದರು. ಊಟಕ್ಕೆ ಹೋಗುವ ದಾರಿಯಲ್ಲೇ ಆ ಕೋಣೆ ಸಿಗುತ್ತದೆ.